ಬೀಸುಕಲ್ಲಿನ ಎದುರು ಕೂತ ಟೇಪ್ ಕಾಕಾ

ಹೋದ ವಾರ ಸ್ಪೀಕರಿನ ವೈರು ಕಿತ್ತುಬಂತು. ಮೊಬೈಲಿನ ಹಾಡನ್ನು ಹಳೆಯ ಆಂಪ್ಲಿಫೈಯರಿಗೆ ಜೋಡಿಸಿ, ಮನೆಯಲ್ಲಿ ಒಳ್ಳೆಯ ದನಿ ಕೇಳಬೇಕೆಂಬ ಹುಚ್ಚು ನನಗೆ ನಿವೃತ್ತಿಯಾದ ಮೇಲೆ ಹತ್ತಿದೆ. ನಾನೇ ಸೋಲ್ಡರ್ ಹಿಡಿದು ಕೂತೆ. ಕಾದ ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಟೇಪ್ ಕಾಕಾ ನೆನಪಾದರು...

ಎಂಬತ್ತರ ದಶಕದ ಮಾತು. ಅಫಜಲಪುರದ ಬಜಾರಿನಲ್ಲಿ ಅವರದು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿಯ ಸಣ್ಣ ಅಂಗಡಿ. ಮಾತು ಕಡಿಮೆ, ದನಿಯ ವಿಷಯದಲ್ಲಿ ಮಾತ್ರ ಮಹಾ ಹಟಮಾರಿ. ದುರಸ್ತಿಯಾದ ಟೇಪನ್ನು ಮಣ್ಣಿನ ಗಡಿಗೆಯಲ್ಲಿ ಕೂಡಿಸಿದ ಸ್ಪೀಕರಿಗೆ ಹಚ್ಚಿ, ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಗಿರಾಕಿ ಎಷ್ಟು ಗಡಿಬಿಡಿ ಮಾಡಿದರೂ ಅಷ್ಟೇ.

ಆಗೊಂದು ವರ್ಷ ಅವ್ವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದ ಮೇಲೆ ದನಿ ಉಳಿಯುವ ಭರವಸೆ ಇಲ್ಲವೆಂದು ಸೊಲ್ಲಾಪುರದ ಡಾಕ್ಟರು ಹೇಳಿದರು. ಬೀಸುವ ಪದ ಎಂದರೆ ಕರಜಗಿಯ ನಮ್ಮ ಓಣಿಗೆ ಅವ್ವನೇ. ಗಿರಣಿ ಬಂದ ಮೇಲೂ ಹಬ್ಬದ ಕಾಳನ್ನು ಆಕೆ ಬೀಸುಕಲ್ಲಿಗೇ ಹಾಕುತ್ತಿದ್ದಳು. ಆ ದನಿ ಹೋಗುವ ಮುಂಚೆ ಹಿಡಿದಿಡಬೇಕಿತ್ತು, ಆಪರೇಷನ್ನಿಗೆ ಉಳಿದದ್ದು ನಾಲ್ಕೇ ದಿನ. ನನ್ನ ಟೇಪಿನಲ್ಲೋ ಅವ್ವನಿಗಿಂತ ಮೋಟಾರಿನ ಸದ್ದೇ ಜೋರು. ಓಡಿಹೋಗಿ ಕಾಕಾರ ಮುಂದೆ ನಿಂತೆ. ಅವರು ಅಂಗಡಿಯ ಕದ ಹಾಕಿ ನನ್ನ ಜೊತೆಗೇ ಬಸ್ಸು ಹತ್ತಿದರು.

ಬಂದವರೇ ಪಡಸಾಲೆಯ ಗೋಡೆಗಳಿಗೆಲ್ಲ ಕೌದಿ ಕಟ್ಟಿಸಿದರು. "ದನಿ ಗೋಡಿಗಿ ಬಡದು ವಾಪಸ್ ಬರಾಕತ್ತದ, ಅದಕ್ಕ" ಎಂದರು. ಬೇರೆ ಮೈಕು ಜೋಡಿಸಿ ಟೇಪನ್ನು ಮಾರು ದೂರ ಸರಿಸಿದರು. ಬೀಸುಕಲ್ಲು ಮಾತ್ರ ಬೇಡವೇ ಬೇಡವೆಂದು ನಾನು ಹಟ ಹಿಡಿದೆ, ಅದರ ಗರಗರಕ್ಕೆ ಹಾಡು ಕೆಡುತ್ತದೆಂದು. ಅವ್ವ ಕೈ ಕಟ್ಟಿ ಕೂತಳು. ಎರಡು ಸಾಲಿಗೇ ತಡವರಿಸಿದಳು, ಮತ್ತೆ ಮೊದಲಿನಿಂದ ಎತ್ತಿದಳು, ಮತ್ತೆ ಮರೆತಳು... ಆಕೆಯ ಕಣ್ಣಲ್ಲಿ ನೀರು ಬಂತು.

"ಕೈ ಖಾಲಿ ಇದ್ರ ಹಾಡ ಬಾಯಿಗಿ ಬರಂಗಿಲ್ಲಪಾ" ಎಂದಳು.

ಕಲ್ಲು ತಂದೆವು. ಆಗಲೂ ಹಾಡು ಮುಂದೆ ಸಾಗಲಿಲ್ಲ. ಇದನ್ನೆಲ್ಲ ನೋಡುತ್ತಿದ್ದ ಕಾಕಾ ಕೇಳಿದರು, "ವೈನಿ, ನಿಮ್ಮ ಎದುರಿಗಿ ಯಾರು ಕೂಡ್ತಿದ್ರು?"

"ನಮ್ಮ ನೆಗೆಣ್ಣಿ ರೀ, ಇವನ ಚಿಗವ್ವ. ಆಕಿ ತೀರಿಹೋಗಿ ವರ್ಸಾತು."

ಬೀಸುವ ಪದ ಇಬ್ಬರ ಹಾಡು. ಒಬ್ಬಾಕೆ ಎತ್ತಿದ ಸಾಲನ್ನು ಎದುರಿನವಳು ಹಿಡಿದು ಮುಗಿಸಬೇಕು. ಹುಟ್ಟಿದಾಗಿನಿಂದ ಕೇಳಿದ ನನಗೇ ಅದು ಹೊಳೆದಿರಲಿಲ್ಲ. ಕಾಕಾ ಧೋತರ ಮೇಲೆತ್ತಿ ಕಟ್ಟಿ, ಅವ್ವನ ಎದುರು ಕೂತು, ಕಲ್ಲಿನ ಗೂಟಕ್ಕೆ ಕೈ ಹಾಕಿದರು. ಬಾಗಿಲಲ್ಲಿ ನಿಂತ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು, ಗಂಡಸು ಬೀಸಲು ಕೂತದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ಅವ್ವನೂ ನಕ್ಕಳು. ನಕ್ಕು, ಪದ ಎತ್ತಿದಳು. ಕಾಕಾ ತಮ್ಮ ತಾಯಿಯಿಂದ ಕೇಳಿ ಕಲಿತದ್ದನ್ನು ಒಡಕು ದನಿಯಲ್ಲಿ ಹಿಡಿದರು.

ನಾನು ಟೇಪು ನಿಲ್ಲಿಸಿದೆ. "ಕಾಕಾ, ನಿಮ್ಮ ದನಿ ಬ್ಯಾಡ್ರಿ. ಅವ್ವಂದಷ್ಟೇ ಇರ್ಲಿ."

ಅವರ ಮುಖ ಸಣ್ಣದಾಯಿತು. "ಆತು ತಮ್ಮಾ" ಎಂದರು. ಕ್ಯಾಸೆಟ್ಟಿನ ಎರಡೂ ಬದಿ ತುಂಬುವವರೆಗೆ, ಅವ್ವನಿಗಷ್ಟೇ ಕೇಳುವಂತೆ ತುಟಿಯೊಳಗೇ ಹಾಡಿದರು.

ಆಪರೇಷನ್ ಆಯಿತು. ಅವ್ವ ಮುಂದೆ ಹನ್ನೊಂದು ವರ್ಷ ಬದುಕಿದಳು, ಪಿಸುಮಾತಿನಲ್ಲೇ. ಕಾಕಾ ಅವಳಿಗಿಂತ ಮೊದಲೇ ಹೋದರು. ಅವತ್ತು ಅಂದ ಮಾತಿಗೆ ನಾನು ತಪ್ಪಾಯಿತೆಂದು ಹೇಳಲಿಲ್ಲ. ತಪ್ಪೆಂದು ಆಗ ಅನಿಸಿಯೂ ಇರಲಿಲ್ಲ.

ಹೋದ ವಾರ ಆ ವೈರು ಬೆಸೆದ ಮೇಲೆ, ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಆ ಕ್ಯಾಸೆಟ್ಟನ್ನು ಬೇಡದ ಸದ್ದು ತೆಗೆಯುವ ತಂತ್ರಾಂಶಕ್ಕೆ ಕೊಟ್ಟೆ. ಕಲ್ಲಿನ ಗರಗರ ಹೋಯಿತು. ಅವ್ವನ ದನಿ ತೊಳೆದಿಟ್ಟಂತೆ ಬಂತು. ನಾನು ಬೇಡಿದ್ದು ಅದನ್ನೇ. ಆದರೆ ಅವ್ವ ಸಾಲಿನ ಕೊನೆಗೆ ನಿಲ್ಲುತ್ತಾಳೆ, ಕಾಯುತ್ತಾಳೆ... ಯಾರೂ ಹಿಡಿಯುವುದಿಲ್ಲ. ಕಲ್ಲಿನ ಸದ್ದಿನ ಜೊತೆಗೆ ಕಾಕಾರನ್ನೂ ಅದು ಗುಡಿಸಿಹಾಕಿತ್ತು.

ಹಳೆಯದನ್ನೇ ಮತ್ತೆ ಹಚ್ಚಿದೆ. ಗರಗರದ ಅಡಿಯಲ್ಲಿ ಕಾಕಾ ಇದ್ದಾರೆ. ವಾಲ್ಯೂಮು ಎಷ್ಟು ಏರಿಸಿದರೂ ಅವರ ದನಿ ಸಣ್ಣಗೇ ಇದೆ. ಸಣ್ಣ ಮಾಡಿಸಿದವನು ನಾನೇ.