ಹೆದ್ದಾರಿಯಲ್ಲಿ ನಟ್ಟಿ ಸಾಲು

ಬೀರಿ ಮಾತಾಡಿದರೆ ಊರಿನ ಆಚೆ ತುದಿಗೂ ಕೇಳುತ್ತದೆ. ಅಂಕೋಲೆಗೆ ಹೋಗುವ ಬಸ್ಸಿನ ಕಂಡಕ್ಟರು ಅವಳ ಜೊತೆ ವಾದಕ್ಕೆ ಇಳಿಯುವುದಿಲ್ಲ. ಇಳಿದವರು ಯಾರೂ ಗೆದ್ದಿಲ್ಲ. ಐವತ್ತು ದಾಟಿದ ಈ ಕೂಲಿ ಹೆಂಗಸು ಭತ್ತದ ಸಸಿ ನೆಡುವ ನಟ್ಟಿಗೆ ನಿಂತರೆ ಗದ್ದೆಯ ಒಡೆಯನಿಗೂ ಅಪ್ಪಣೆ ಕೊಡುತ್ತಾಳೆ. ಅಂಥವಳಿಗೂ ಒಂದು ಸಂಗತಿ ಮಾತ್ರ ವರ್ಷವಿಡೀ ಗಂಟಲ ಮುಳ್ಳಾಗಿತ್ತು. ಅವಳ ಓರಗಿತ್ತಿ ಮಾದಿ ಕೆಲಸಕ್ಕೆ ಬರುವುದನ್ನೇ ಬಿಟ್ಟಿದ್ದಳು.

ಮನೆಗಳಿರುವುದು ಹೆದ್ದಾರಿಯ ಈಚೆ, ಗದ್ದೆ ಬಯಲೆಲ್ಲ ಆಚೆ. ಹೋದ ಮಳೆಗಾಲದಲ್ಲಿ ನಟ್ಟಿಗೆ ಹೊರಟ ಹೆಂಗಸರಲ್ಲಿ ಕೊನೆಯವಳಾಗಿದ್ದ ಮಾದಿಗೆ ಬೈಕೊಂದು ಗುದ್ದಿತ್ತು. ಮುರಿದ ಕಾಲು ತುಸು ಕುಂಟು ಉಳಿಸಿ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಬಾವಿಯಿಂದ ನೀರು ಸೇದುತ್ತಾಳೆ, ಸೌದೆ ಹೊರುತ್ತಾಳೆ. ಹೆದ್ದಾರಿಯ ಅಂಚಿಗೆ ಬಂದರೆ ಮಾತ್ರ ಹೆಜ್ಜೆ ಏಳುವುದಿಲ್ಲ. ದಾಟಲು ಅಲ್ಲಿ ಬಿಳಿ ಪಟ್ಟೆ ಬಳಿದಿದ್ದಾರೆ ನಿಜ, ಸಿಗ್ನಲ್ ದೀಪವಿಲ್ಲ. ಪಟ್ಟೆ ಕಂಡು ಗಾಡಿ ನಿಲ್ಲಿಸುವ ಪುಣ್ಯಾತ್ಮರು ಇಲ್ಲವೆಂದಲ್ಲ. ಉಳಿದವರಿಗೆ ಅದು ಯಾರೋ ರಸ್ತೆಗೆ ಹಾಕಿದ ರಂಗೋಲಿ.

ಈ ವರ್ಷ ಮಳೆ ಹಿಡಿದ ಕೂಡಲೆ ಗದ್ದೆಯ ಒಡೆಯ ಪುಂಡಲೀಕ ಬಂದು, ಮಾದಿಯ ಬದಲು ಬೇರೆ ಯಾರನ್ನಾದರೂ ಕರೆಯಲೇ ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವನ ಕೆಲಸವೂ ಸಾಗಬೇಕಲ್ಲ. ಮಾದಿ ತಲೆ ತಗ್ಗಿಸಿ ಹೂಂ ಎನ್ನುವವಳಿದ್ದಳು. ಬೀರಿಗೆ ಸಿಟ್ಟು ನೆತ್ತಿಗೇರಿತು. ಒಮ್ಮೆ ಜಾಗ ಬಿಟ್ಟುಕೊಟ್ಟರೆ ಮಾದಿ ಮತ್ತೆ ಆ ಸಾಲಿಗೆ ಇಳಿಯುವುದಿಲ್ಲ, ಒಲೆಯ ಮುಂದೆಯೇ ಮುದುಕಿಯಾಗಿಬಿಡುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಮಾದಕ್ಕ ಬರುತ್ತಾಳೆ, ನೀನು ಗದ್ದೆ ಹೂಡಿಸಿ ಇಡು ಎಂದು ಪುಂಡಲೀಕನನ್ನು ಸಾಗಹಾಕಿದಳು.

ಮಾತೇನೋ ಕೊಟ್ಟಾಯಿತು. ಬೀರಿ ಮರುದಿನ ಪಟ್ಟೆಯ ಪಕ್ಕದ ಗೂಡಂಗಡಿಯಲ್ಲಿ ಚಾ ಕುಡಿಯುತ್ತ ಜನ ದಾಟುವುದನ್ನು ನೋಡಿದಳು. ನೋಡುತ್ತ ನೋಡುತ್ತ ತಮ್ಮದೇ ತಪ್ಪು ಕಣ್ಣಿಗೆ ಬಿತ್ತು. ಹುಟ್ಟಿದಾಗಿನಿಂದ ಗದ್ದೆಯ ಬದುವಿನ ಕಿರಿದಾದ ಹಾಳಿಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದವರು ಹೆದ್ದಾರಿಯನ್ನೂ ಹಾಗೆಯೇ ದಾಟುತ್ತಿದ್ದರು. ಮಳೆಗೆಂದು ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಅಕ್ಕಪಕ್ಕ ಏನೂ ಕಾಣದು. ಮುಂದಿನವಳ ಹಿಮ್ಮಡಿಯೇ ದಾರಿ. ಮೊದಲಿನವಳಿಗೆ ನಿಂತ ಲಾರಿ ಕೊನೆಯವಳ ಹೊತ್ತಿಗೆ ಹೊರಟುಬಿಡುತ್ತದೆ, ಇಲ್ಲವೇ ಅದರ ಮರೆಯಿಂದ ಬೈಕೊಂದು ನುಗ್ಗುತ್ತದೆ. ನುಗ್ಗುವವನ ತಪ್ಪನ್ನು ಬೀರಿ ಮಾಫಿ ಮಾಡಲಿಲ್ಲ, ಅವನಿಗೆ ಕೊಡಬೇಕಾದ ಬೈಗುಳ ಕೊಟ್ಟೇ ಚಾ ಲೋಟ ಕೆಳಗಿಟ್ಟಳು.

ನಟ್ಟಿಯ ದಿನ ಬೀರಿ ಮಾದಿಯ ಕೈ ಹಿಡಿದೇ ಹೆದ್ದಾರಿಗೆ ಕರೆತಂದಳು. ಮಾದಿಯ ಕೈ ತಣ್ಣಗಿತ್ತು. ಎಲ್ಲರೂ ಕೊಪ್ಪೆ ಹಿಂದಕ್ಕೆ ಸರಿಸಬೇಕು, ಪಟ್ಟೆಯ ಅಂಚಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬೇಕು ಎಂದಳು.

"ಇದು ಹಾಳಿ ಅಲ್ಲ, ಗದ್ದೆ ಅಂದ್ಕಣಿ. ನಟ್ಟಿಗೆ ನಿಂತಂಗೆ ನಿಂತ್ಕಣಿ. ಯಾರೂ ಮುಂದೆ ಹೋಗುಕಿಲ್ಲ, ಯಾರೂ ಹಿಂದೆ ಉಳುಕಿಲ್ಲ."

ನಟ್ಟಿಯಲ್ಲಿ ಹಿಂದಕ್ಕೆ ಸರಿಯುತ್ತೇವಲ್ಲ ಎಂದು ಕಾಮಿ ಎಂಬವಳು ಕೀಟಲೆ ಮಾಡಿದಳು. ಇವತ್ತೊಂದು ದಿನ ಮುಂದಕ್ಕೆ ಸರಿ ಎಂದು ಬೀರಿ ಅವಳ ಬಾಯಿ ಮುಚ್ಚಿಸಿ, ಮಾದಿಯನ್ನು ನಡುವೆ ನಿಲ್ಲಿಸಿ, ತಾನು ಗಾಡಿ ಬರುವ ಬದಿಗೆ ನಿಂತು ಕೈ ಎತ್ತಿದಳು. ಕೈಗಾ ಅಣುಸ್ಥಾವರಕ್ಕೆ ನೌಕರರನ್ನು ಒಯ್ಯುವ ಬಸ್ಸು ದೂರದಲ್ಲೇ ನಿಧಾನವಾಯಿತು. ರಸ್ತೆಯಂಚಿನುದ್ದಕ್ಕೂ ನಿಂತ ಹೆಂಗಸರ ಸಾಲನ್ನು ಕಾಣದಿರಲು ಡ್ರೈವರೇನು ಕುರುಡನೇ? ನಿಲ್ಲಿಸಿ, ಹೋಗಿ ಎಂದು ಕೈಸನ್ನೆ ಮಾಡಿದ. ಸಾಲು ಒಟ್ಟಿಗೆ ಹೊರಟಿತು. ಬಸ್ಸಿನ ಮೂತಿ ದಾಟುವ ಮೊದಲು ಬೀರಿ ಎಲ್ಲರನ್ನೂ ತಡೆದು ಅದರ ಮರೆಯಿಂದ ಆಚೆ ಇಣುಕಿದಳು. ಅಲ್ಲಿ ಬರುತ್ತಿದ್ದ ಕಾರೂ ನಿಂತಿತು. ಡಿವೈಡರಿನಲ್ಲಿ ಉಸಿರು ಬಿಟ್ಟು ಆಚೆಯ ಅರ್ಧವನ್ನೂ ಹಾಗೇ ದಾಟಿದರು.

ಗದ್ದೆಗಿಳಿದ ಮಾದಿ ಕೆಸರಿನಲ್ಲಿ ಕೈಯಿಟ್ಟು ಅತ್ತೇಬಿಟ್ಟಳು. ಬೀರಿಯ ಕಣ್ಣೂ ತುಂಬಿತ್ತು, ಆದರೆ ಸಸಿ ಬಾಡುತ್ತದೆ ಎಂದು ಎಲ್ಲರನ್ನೂ ಗದರಿದಳು.

ಆಮೇಲೆ ದಿನವೂ ಅದೇ ಸಾಲು. ಕೈಗಾದ ಬಸ್ಸು ಅವರನ್ನು ಕಂಡ ಕೂಡಲೆ ನಿಲ್ಲುವಷ್ಟು ಪರಿಚಯವಾಯಿತು. ಬೀರಿಗೆ ಕೋಡು ಮೂಡಿತು. ಹೆದ್ದಾರಿ ತನ್ನ ಮಾತು ಕೇಳುತ್ತದೆ ಎಂದು ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದಳು.

ನಟ್ಟಿ ಮುಗಿದ ಮೇಲೆ ಒಂದು ದಿನ ಅವಳು ಕಣ್ಣು ತೋರಿಸಲು ಕಾರವಾರದ ಆಸ್ಪತ್ರೆಗೆ ಹೋದಳು. ಕಣ್ಣಿಗೆ ಔಷಧ ಬಿಟ್ಟು ಕಳಿಸಿದ್ದರು. ಮುಸ್ಸಂಜೆ ಬಸ್ಸು ಅವಳನ್ನು ಗದ್ದೆಯ ಬದಿಗೆ ಇಳಿಸಿ ಹೋಯಿತು. ದೀಪ ಹಚ್ಚಿದ ಗಾಡಿಗಳು, ಯಾವುದು ಹತ್ತಿರ ಯಾವುದು ದೂರ ತಿಳಿಯುತ್ತಿಲ್ಲ. ಬೀರಿ ಕೈ ಎತ್ತಿದಳು. ಒಂದು ಲಾರಿ ಹಾರ್ನ್ ಬಾರಿಸಿಕೊಂಡು ಹೋಯಿತು, ಮತ್ತೊಂದು ಅದನ್ನೂ ಮಾಡಲಿಲ್ಲ. ಒಂದು ಹೆಜ್ಜೆ ಇಟ್ಟಳು, ಹಿಂದಕ್ಕೆ ಬಂದಳು. ಮತ್ತೆ ಹೆಜ್ಜೆ ಏಳಲಿಲ್ಲ. ಮಾದಿ ವರ್ಷವಿಡೀ ಯಾಕೆ ಮನೆಯಲ್ಲಿ ಕೂತಿದ್ದಳೆಂಬುದು ಬೀರಿಗೆ ಅರ್ಥವಾದದ್ದು ಅಲ್ಲಿ.

ಆಚೆ ಗೂಡಂಗಡಿಯ ಬೆಳಕಿನಿಂದ ಒಬ್ಬಳು ಎದ್ದು ಪಟ್ಟೆಯ ಅಂಚಿಗೆ ಬಂದಳು. ಮುಖ ಕಾಣಲಿಲ್ಲ, ಕುಂಟು ನಡಿಗೆ ಕಂಡಿತು. ಅವಳು ಕೈ ಎತ್ತಿ ಕಾದಳು. ಅವಸರ ಮಾಡಲಿಲ್ಲ. ಟೆಂಪೊ ಒಂದು ನಿಂತ ಮೇಲೆ ಹೊರಟು, ಅದರ ಮೂತಿಯ ಬಳಿ ತಡೆದು ಇಣುಕಿ, ಡಿವೈಡರಿಗೆ ಬಂದು ಮತ್ತೆ ಕಾದು, ಬೀರಿಯ ಎದುರು ಬಂದು ನಿಂತಳು.

"ಒಬ್ಳೆ ನಿಂತ್ರೆ ಸಾಲ್ ಆತದ್ಯೇನೆ? ಬಾ," ಎಂದಳು ಮಾದಿ.

ಬೀರಿಯ ಕೈ ಹಿಡಿದು ಅವಳನ್ನು ಒಳಬದಿಗೆ ನಿಲ್ಲಿಸಿಕೊಂಡು, ಗಾಡಿ ಬರುವ ಬದಿಗೆ ತಾನು ನಿಂತಳು. ಈ ಸಲ ತಣ್ಣಗಿದ್ದದ್ದು ಬೀರಿಯ ಕೈ. ಮನೆ ಮುಟ್ಟುವ ತನಕ ಬೀರಿ ಹಿಡಿದ ಕೈ ಬಿಡಲಿಲ್ಲ.