ಫ್ಯಾಕ್ಸ್ ಮಷಿನ್ನಿನೊಳಗಿಂದ ಬಂದ ಕನ್ನಡ

2021ರ ಮಾರ್ಚ್ ತಿಂಗಳ ಮಾತು. ಮದುವೆಯಾಗಿ ಅಮೆರಿಕಕ್ಕೆ ಬಂದು ಮೂರು ವರ್ಷ ಮನೆಯಲ್ಲೇ ಕೂತಿದ್ದ ನನಗೆ ಆಗಷ್ಟೇ ವರ್ಕ್ ಪರ್ಮಿಟ್ ಸಿಕ್ಕಿತ್ತು. ನಾವಿದ್ದದ್ದು ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚ್‌ನಲ್ಲಿ. ಮನೆಗೆ ಹತ್ತಿರದಲ್ಲೇ ಇದ್ದ ಒಂದು ಚಿಕ್ಕ ಕಣ್ಣಿನ ಕ್ಲಿನಿಕ್ಕಿನಲ್ಲಿ ಫ್ರಂಟ್ ಡೆಸ್ಕ್ ಕೆಲಸಕ್ಕೆ ಸೇರಿಕೊಂಡೆ. ಮೈಸೂರಿನಲ್ಲಿ ಪಿಯು ಮಕ್ಕಳಿಗೆ ಕಾಮರ್ಸ್ ಪಾಠ ಹೇಳುತ್ತಿದ್ದವಳು ನಾನು. ಫೋನ್ ಎತ್ತುವುದು, ಅಪಾಯಿಂಟ್‌ಮೆಂಟ್ ಕೊಡುವುದು ಬೇಗನೆ ರೂಢಿಯಾಯಿತು. ರೂಢಿಯಾಗದೆ ಉಳಿದದ್ದು ಫ್ಯಾಕ್ಸ್ ಮಷಿನ್ ಒಂದೇ.

ಈ ಕಾಲದಲ್ಲೂ ಫ್ಯಾಕ್ಸೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಇಲ್ಲಿನ ಡಾಕ್ಟರುಗಳು ರೋಗಿಯ ಕಾಗದಪತ್ರಗಳನ್ನು ಇವತ್ತಿಗೂ ಫ್ಯಾಕ್ಸಿನಲ್ಲೇ ಕಳಿಸಿಕೊಳ್ಳುತ್ತಾರೆ. ನಮ್ಮ ಕ್ಲಿನಿಕ್ಕಿನ ಮಷಿನ್ ಒಂದು ಮೂಲೆಯ ಮೇಜಿನ ಮೇಲೆ ಕೂತಿತ್ತು. ಪಕ್ಕದಲ್ಲಿ ಹಳೇ ಕಾಲದ ಫೋನಿನ ಹಾಗೆ ಒಂದು ರಿಸೀವರ್, ಮುಂದೆ ಸಾಲುಸಾಲು ಬಟನ್, ಮೇಲೆ ಬೆರಳಗಲದ ಒಂದು ಪರದೆ. ಮ್ಯಾನೇಜರ್ ಗ್ಲೋರಿಯಾ ತುಂಬ ಒಳ್ಳೆಯ ಹೆಂಗಸು, ಆದರೆ ಆಕೆ ಕಲಿಸಿದ್ದು ಇಷ್ಟೇ: “ಪೇಪರ್ ಇಡು, ಕಳಿಸಬೇಕಾದ ಜಾಗದ ಬಟನ್ ಒತ್ತು, ಸ್ಟಾರ್ಟ್ ಒತ್ತು. ಬೇರೆ ಯಾವುದನ್ನೂ ಮುಟ್ಟಬೇಡ.” ದಿನವೂ ಫ್ಯಾಕ್ಸ್ ಹೋಗುವ ಆಸ್ಪತ್ರೆಗಳ ನಂಬರುಗಳನ್ನು ಒಂದೊಂದು ಬಟನ್ನಿಗೆ ಮೊದಲೇ ಹಾಕಿಟ್ಟಿದ್ದರು. ಯಾವುದು ಯಾರದು ಎಂದು ಪಕ್ಕದಲ್ಲಿ ಚೀಟಿ ಅಂಟಿಸಿದ್ದರು.

ಆ ದಿನ ಗ್ಲೋರಿಯಾ ಕೋವಿಡ್ ಲಸಿಕೆ ಹಾಕಿಸಿಕೊಳ್ಳಲು ಹೋಗಿದ್ದಳು. ಡಾಕ್ಟರ್ ಒಳಗೆ ರೋಗಿಗಳನ್ನು ನೋಡುತ್ತಿದ್ದರು. ನನ್ನ ಪಾಲಿಗೆ ಒಂದು ಮುಖ್ಯ ಕೆಲಸ ಬಿದ್ದಿತ್ತು. ರಾಬರ್ಟ್ ಎಂಬ ರೋಗಿಗೆ ಮರುದಿನ ಬೆಳಿಗ್ಗೆ ಕಣ್ಣಿನ ಕಾರ್ನಿಯಾ ಕಸಿ. ಬಸ್ ಡ್ರೈವರ್ ಆಗಿದ್ದ ಮನುಷ್ಯ, ಒಂದು ಕಣ್ಣು ಮಂಜಾಗಿ ಸ್ಟಿಯರಿಂಗ್ ಬಿಟ್ಟಿದ್ದರು. ಆಪರೇಷನ್ ನಡೆಯಬೇಕಾದದ್ದು ಲಾಸ್ ಏಂಜಲೀಸ್ ಕಡೆ, ಡೈಮಂಡ್ ಬಾರ್ ಹತ್ತಿರದ ಒಂದು ಸರ್ಜರಿ ಸೆಂಟರಿನಲ್ಲಿ. ಅವರ ಹಾರ್ಟ್ ರಿಪೋರ್ಟ್ ಮಧ್ಯಾಹ್ನ ಹನ್ನೆರಡರೊಳಗೆ ಅಲ್ಲಿಗೆ ಮುಟ್ಟದಿದ್ದರೆ, ಯಾರೋ ಪುಣ್ಯಾತ್ಮರು ದಾನ ಮಾಡಿದ ಕಣ್ಣು ಸರದಿಯಲ್ಲಿದ್ದ ಮುಂದಿನವರಿಗೆ ಹೋಗುತ್ತಿತ್ತು. ಕೋವಿಡ್‌ನಿಂದಾಗಿ ಆಗ ರೋಗಿಗಳು ಒಳಗೆ ಕಾಯುತ್ತ ಕೂರುವ ಹಾಗಿರಲಿಲ್ಲ. ರಾಬರ್ಟ್ ಪಾರ್ಕಿಂಗ್‌ನಲ್ಲಿ ತಮ್ಮ ಮಗಳ ಕಾರಿನಲ್ಲಿ ಕೂತು, ನಮ್ಮ ಬಾಗಿಲನ್ನೇ ನೋಡುತ್ತಿದ್ದರು.

ನಾನು ಪೇಪರ್ ಇಟ್ಟೆ, ಆ ಸೆಂಟರಿನ ಹೆಸರಿದ್ದ ಬಟನ್ ಒತ್ತಿದೆ, ಸ್ಟಾರ್ಟ್ ಒತ್ತಿದೆ. ಮಷಿನ್ ಕೂಂಯ್ ಎಂದು ಕೂಗಿ, ಸ್ವಲ್ಪ ಹೊತ್ತು ಗೊಣಗಿ, ಸುಮ್ಮನಾಯಿತು. ಪರದೆಯ ಮೇಲೆ ‘ನೋ ರೆಸ್ಪಾನ್ಸ್’ ಅಂತ ಬಂತು. ಪೇಪರ್ ತಿರುಗಿಸಿ ಇಟ್ಟೆ. ಮತ್ತೆ ಅದೇ. ಅಷ್ಟರಲ್ಲಿ ನಾನು ಮುಟ್ಟದೆಯೇ ಅದು ತಾನಾಗಿ ಮತ್ತೊಮ್ಮೆ ಡಯಲ್ ಮಾಡತೊಡಗಿತು. ಸರ್ಜರಿ ಸೆಂಟರಿಗೆ ಫೋನ್ ಮಾಡಿದರೆ ಸಂಗೀತ ಬರುತ್ತಿತ್ತೇ ಹೊರತು ಮನುಷ್ಯರು ಬರುತ್ತಿರಲಿಲ್ಲ. ಗಂಟೆ ಹನ್ನೊಂದಾಗಿತ್ತು.

ಆ ಕಡೆ ಏನಾಗುತ್ತಿದೆ ಎಂದು ನೋಡೋಣವೆಂದು ಮಷಿನ್ನಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು, ಅದೇ ಬಟನ್ ಒತ್ತಿದೆ. ರಿಂಗ್ ಆಯಿತು. ಯಾರೋ ಎತ್ತಿದರು. ಒಂದು ಮಗು ಗಟ್ಟಿಯಾಗಿ ಅಳುತ್ತಿತ್ತು. ಆಮೇಲೆ ಒಂದು ಹೆಂಗಸಿನ ದನಿ, ನನ್ನ ಜೊತೆಗಲ್ಲ, ಆ ಮಗುವಿನ ಜೊತೆಗೆ: “ಅಳಬ್ಯಾಡ ನನ್ನ ಬಂಗಾರಾ. ಮತ್ತ ಅದ ಕೂಂಯ್ ಅನ್ನೂದು ಬಂದೈತಿ. ಈ ಸಲ ಇದನ್ನ ತಗದ ಬಾಜೂಕ ಇಟ್ಟಬಿಡ್ತೀನಿ, ಬಾರಸೂದ ಬ್ಯಾಡ.”

ಮನೆಯಲ್ಲಿ ನಾವು ಗಂಡ ಹೆಂಡತಿ ಮಾತಾಡುವುದು ಉರ್ದು. ಅಮೆರಿಕಕ್ಕೆ ಬಂದ ಮೇಲೆ ಹೊರಗಿನವರ ಬಾಯಲ್ಲಿ ಕನ್ನಡ ಕೇಳಿದ್ದೇ ಅಪರೂಪ. ಅದು ಈಗ ಫ್ಯಾಕ್ಸ್ ಮಷಿನ್ನಿನೊಳಗಿಂದ ಬಂದಿತ್ತು.

“ಆಂಟಿ, ಇಡಬೇಡಿ, ದಯವಿಟ್ಟು ಇಡಬೇಡಿ” ಎಂದೆ.

ಮಗುವಿನ ಅಳುವಿನ ನಡುವೆಯೇ ಆ ದನಿ ಕೇಳಿತು: “ಯಾರವಾ ನೀನು? ಕನ್ನಡ ಮಾತಾಡ್ತೀ?”

ಹೆಸರು ಶಬಾನಾ, ಮೈಸೂರಿನವಳು, ಇಂಥ ಕಡೆ ಕೆಲಸ ಮಾಡುತ್ತೇನೆ, ಈ ಕೂಂಯ್ ಎನ್ನುವುದು ನಮ್ಮ ಫ್ಯಾಕ್ಸ್ ಮಷಿನ್, ಯಾಕೆ ನಿಮ್ಮ ಮನೆಗೆ ಬರುತ್ತಿದೆಯೋ ಗೊತ್ತಿಲ್ಲ ಎಂದೆಲ್ಲ ಒಂದೇ ಉಸಿರಿಗೆ ಹೇಳಿ, ಸಾರಿ ಕೇಳಿದೆ.

ಆಕೆ ಸರೋಜಮ್ಮ, ಧಾರವಾಡದವರು. ಡೈಮಂಡ್ ಬಾರ್‌ನಲ್ಲಿರುವ ಮಗಳ ಬಾಣಂತನಕ್ಕೆಂದು ಬಂದವರು. ಹಿಂದಿನ ರಾತ್ರಿಯೇ ಮಗಳಿಗೆ ನೋವು ಶುರುವಾಗಿ ಅಳಿಯ ಆಸ್ಪತ್ರೆಗೆ ಕರೆದೊಯ್ದಿದ್ದ. ಆಗಿನ ನಿಯಮದಂತೆ ಜೊತೆಗೆ ಒಬ್ಬರನ್ನೇ ಬಿಡುತ್ತಿದ್ದರು. ಎರಡು ವರ್ಷದ ಮೊಮ್ಮಗಳನ್ನು ಕಟ್ಟಿಕೊಂಡು ಈಕೆ ಮನೆಯಲ್ಲಿ ಉಳಿದಿದ್ದರು. ಮೊಬೈಲ್ ಇರಲಿಲ್ಲ. ಗೋಡೆಯ ಫೋನ್ ಬಾರಿಸಿದಾಗಲೆಲ್ಲ ಅಳಿಯನೇ ಎಂದು ಓಡಿ ಬಂದರೆ, ಕಿವಿಗೆ ಬೀಳುತ್ತಿದ್ದದ್ದು ನಮ್ಮ ಮಷಿನ್ನಿನ ಕೂಗು.

ಕೇಳಿ ನನಗೆ ಭೂಮಿಯೊಳಗೆ ಇಳಿದುಹೋಗುವಂತಾಯಿತು. “ಆಂಟಿ, ನಾನು ಈಗಲೇ ಇಡ್ತೀನಿ” ಎಂದೆ.

“ನಿಂದರ ನಿಂದರ. ನೀ ಇಟ್ಟಿ ಅಂದ್ರ ಅದು ಮತ್ತ ಬಾರಸ್ತೈತಿ. ಮೊದಲ ಅದರ ಬಾಯಿ ಹೆಂಗ ಮುಚ್ಚಸ್ತಿ ಅದನ್ನ ಹೇಳು” ಎಂದರು ಸರೋಜಮ್ಮ.

“ಅದೇ ನಂಗೂ ಗೊತ್ತಿಲ್ಲ ಆಂಟಿ. ಬಟನ್ ತುಂಬಾ ಇವೆ.”

“ಏನೇನ ಬರದಾರ, ಓದು. ನಾ ಕೇಳ್ತೀನಿ. ನನಗೂ ಒಬ್ಬಾಕಿಗೆ ಕುಂತ ಕುಂತ ಎದಿ ಹೊಡಕೊಳ್ಳಾಕತ್ತೈತಿ.”

ಹಾಗಾಗಿ ನಾನು ಮಾಸ್ಕ್ ಕೆಳಗಿಳಿಸಿ, ಮಷಿನ್ನಿನ ಮೇಲೆ ಬಾಗಿ, ಒಂದೊಂದೇ ಬಟನ್ ಓದತೊಡಗಿದೆ. ಓದಿದ್ದಕ್ಕೆಲ್ಲ ಆಕೆ “ಹಂಗಂದ್ರ?” ಎನ್ನುತ್ತಿದ್ದರು. ಆಕೆಗೆ ಅರ್ಥವಾಗುವ ಹಾಗೆ ಹೇಳಬೇಕಾದರೆ ಮೊದಲು ನನಗೆ ಅರ್ಥವಾಗಬೇಕಿತ್ತು. “ರೆಸಲ್ಯೂಷನ್ ಅಂತಿದೆ. ಅಕ್ಷರ ಎಷ್ಟು ಸ್ಪಷ್ಟವಾಗಿ ಬರಬೇಕು ಅನ್ನೋದಿರಬೇಕು.” “ಅದು ಈಗ ಬ್ಯಾಡ, ಬಿಡು.” “ಹುಕ್ ಅಂತಿದೆ. ರಿಸೀವರ್ ಎತ್ತದೆ ಲೈನ್ ತಗೊಳ್ಳೋಕೆ ಅನ್ಸತ್ತೆ.” “ಬಿಡು.” “ರೀಡಯಲ್.” “ಹಂಗಂದ್ರ?” “ಅದೇ ನಂಬರಿಗೆ ಇನ್ನೊಂದ್ಸಲ ಹೊಡೆಯೋದು.” “ಹಾಂ, ಇದ ನೋಡು ನನ್ನ ವೈರಿ” ಎಂದು ಆಕೆ ನಕ್ಕರು. ಮಗು ಅಳು ನಿಲ್ಲಿಸಿ, ಅಜ್ಜಿ ಯಾಕೆ ನಗುತ್ತಾಳೆಂದು ಕೇಳುತ್ತಿದ್ದ ಹಾಗಿತ್ತು. ನನಗೂ ನಗು ಬಂತು.

ಸ್ಟಾಪ್ ಒತ್ತಿದರೆ, ಕಾದು ಕೂತಿರುವ ಫ್ಯಾಕ್ಸನ್ನು ಅಳಿಸಿಬಿಡಲೇ ಎಂದು ಪರದೆ ಕೇಳಿತು. ಹೌದು ಎಂದೆ. ಬಾಯಿ ಮುಚ್ಚಿಸುವುದು ಅಷ್ಟು ಸುಲಭವಾಗಿತ್ತು. ಇಷ್ಟೆಲ್ಲ ಆಗುವಾಗ ಆ ಪರದೆಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬಟನ್ನಿನೊಳಗೆ ಯಾವ ನಂಬರ್ ಇದೆ ಎಂದು ಅದು ತೋರಿಸುತ್ತಿತ್ತು. ಕೈಲಿದ್ದ ಕಾಗದದ ನಂಬರಿನ ಜೊತೆ ಹೋಲಿಸಿದೆ. ಕೊನೆಯ ಎರಡು ಅಂಕಿಗಳು ಅದಲು ಬದಲಾಗಿದ್ದವು. ಯಾರೋ ಹಾಕುವಾಗ ತಪ್ಪಾಗಿತ್ತು.

“ಸಿಕ್ತು ಆಂಟಿ” ಎಂದೆ. “ನಂಬರೇ ತಪ್ಪಿತ್ತು. ಬಟನ್ ಬಿಟ್ಟು ಕೈಯಲ್ಲೇ ನಂಬರ್ ಒತ್ತಿ ಕಳಿಸ್ತೀನಿ. ಇನ್ಮೇಲೆ ನಿಮಗೆ ತೊಂದರೆ ಇಲ್ಲ.”

“ಚಲೋ ಆತು ನೋಡವಾ” ಎಂದವರು, “ಅಲ್ಲಾ, ನಡುವ ನಡುವ ಟಕ್ ಟಕ್ ಅನ್ನಾಕತ್ತೈತಲ್ಲ, ಅದೂ ನಿನ್ನ ಮಷಿನ್ ಏನ?” ಎಂದು ಕೇಳಿದರು.

ನನಗೆ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಹೊಳೆಯಿತು. ಅವರ ಲೈನಿಗೆ ಇನ್ನೊಂದು ಫೋನ್ ಬರುತ್ತಿತ್ತು.

“ಆಂಟಿ, ಅದು ನಿಮ್ಮ ಅಳಿಯ ಇರಬಹುದು. ಬೇಗ ಫೋನ್ ಇಟ್ಟುಬಿಡಿ.”

“ಇಟ್ಟರ ಅವನೂ ಹೋಗ್ತಾನಲ್ಲ?”

“ಹೋಗಲ್ಲ. ನೀವು ಇಟ್ಟ ತಕ್ಷಣ ಫೋನ್ ತಾನಾಗೇ ರಿಂಗ್ ಆಗತ್ತೆ, ಆಗ ಎತ್ತಿ.”

“ಖರೇನ? ಇಟ್ಟ ಮ್ಯಾಲ ನೀನೂ ಹೋಗಿ, ಅವನೂ ಹೋಗಿ, ನಾ ಮತ್ತ ಒಬ್ಬಾಕೇ ಆದ್ರ?” ಆ ದನಿಯಲ್ಲಿದ್ದ ಹೆದರಿಕೆ ನನಗೆ ಇನ್ನೂ ನೆನಪಿದೆ.

“ನನ್ನ ಮಾತು ನಂಬಿ ಆಂಟಿ. ಇಟ್ಟುಬಿಡಿ” ಎಂದೆ. ಹಾಗೆ ಹೇಳಿದೆನೇ ಹೊರತು, ಎಲ್ಲ ಫೋನುಗಳೂ ಹಾಗೇ ಮಾಡುತ್ತವೆಯೋ ಇಲ್ಲವೋ ನನಗೇ ಖಾತ್ರಿ ಇರಲಿಲ್ಲ.

ಲೈನ್ ಕಟ್ಟಾಯಿತು.

ನಾನು ರಿಸೀವರ್ ಇಟ್ಟು, ನಂಬರನ್ನು ಒಂದೊಂದೇ ಅಂಕಿ ನೋಡಿಕೊಂಡು ಒತ್ತಿ, ಸ್ಟಾರ್ಟ್ ಒತ್ತಿದೆ. ಈ ಸಲ ಆ ಕಡೆಯಿಂದಲೂ ಒಂದು ಮಷಿನ್ ಕೂಗಿ ಉತ್ತರ ಕೊಟ್ಟಿತು. ಕಾಗದ ಒಳಗೆ ಜಾರಿತು. ಮುಟ್ಟಿದೆ ಎಂಬ ಒಂದು ಚಿಕ್ಕ ರಶೀದಿ ಹೊರಗೆ ಬಂತು. ಅದನ್ನು ಹಿಡಿದು ಪಾರ್ಕಿಂಗ್‌ಗೆ ಓಡಿದೆ. ರಾಬರ್ಟ್ ಕಿಟಕಿ ಇಳಿಸಿ ಅದನ್ನು ತಮ್ಮ ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಎದೆಯ ಮೇಲೆ ಕೈ ಇಟ್ಟುಕೊಂಡರು. ಅವರ ಮಗಳು ಅಳುತ್ತಿದ್ದಳು.

ನನ್ನ ಮನಸ್ಸು ಮಾತ್ರ ಡೈಮಂಡ್ ಬಾರ್‌ನಲ್ಲೇ ಇತ್ತು. ಫೋನ್ ರಿಂಗ್ ಆಯಿತೋ ಇಲ್ಲವೋ? ಮಗಳು ಹೇಗಿದ್ದಾಳೆ? ನಂಬರ್ ನನ್ನ ಬಳಿ ಇತ್ತು, ಆದರೆ ಮತ್ತೆ ಮಾಡಿ ಅವರ ಲೈನ್ ಅಡ್ಡಗಟ್ಟುವ ಧೈರ್ಯವಾಗಲಿಲ್ಲ. ಗ್ಲೋರಿಯಾ ಬಂದ ಮೇಲೆ ನಡೆದದ್ದೆಲ್ಲ ಹೇಳಿದೆ. ಆಕೆ ಆ ಬಟನ್ನಿನ ನಂಬರನ್ನು ತಾನೇ ಕೂತು ಸರಿಮಾಡಿ, ಮಷಿನ್ನಿನ ಬೆನ್ನು ತಟ್ಟಿ, “ಪಾಪ, ಇದಕ್ಕೂ ಗೊತ್ತಿರಲಿಲ್ಲ” ಎಂದಳು.

ಕ್ಲಿನಿಕ್ ಮುಚ್ಚುವ ಹೊತ್ತಿಗೆ ಫ್ಯಾಕ್ಸ್ ಮಷಿನ್ ರಿಂಗ್ ಆಯಿತು. ಪರದೆಯ ಮೇಲೆ ಆ ಅದಲು ಬದಲಾದ ನಂಬರ್. ನಾನು ಓಡಿ ರಿಸೀವರ್ ಎತ್ತುವಷ್ಟರಲ್ಲಿ ಮಷಿನ್ ತಾನೇ ಎತ್ತಿಕೊಂಡು ಒಮ್ಮೆ ಕಿರುಚಿಬಿಟ್ಟಿತ್ತು.

“ಯವ್ವಾ, ಇದು ನನ್ನ ಜೀವಾ ತಗೊಳ್ಳಾಕ ಹುಟ್ಟೇತಿ” ಎಂದಿತು ಸರೋಜಮ್ಮನ ದನಿ. ಆಮೇಲೆ, “ಗಂಡ ಕೂಸು ಹುಟ್ಟೇತಿ. ತಾಯಿ ಮಗಾ ಇಬ್ಬರೂ ಅರಾಮ ಅದಾರ.” ಎಂದವರೇ ಅತ್ತುಬಿಟ್ಟರು. ಅಷ್ಟರಲ್ಲಿ ಮನೆಗೆ ಬಂದಿದ್ದ ಅಳಿಯ, ಫೋನಿನಲ್ಲಿ ಉಳಿದಿದ್ದ ನಮ್ಮ ನಂಬರ್ ನೋಡಿ ಫೋನ್ ಮಾಡಿಕೊಟ್ಟಿದ್ದರಂತೆ; ಈಗ ಅವರೇ ಫೋನ್ ತೆಗೆದುಕೊಂಡು ಉಳಿದದ್ದನ್ನು ಹೇಳಿದರು.

ಬೆಳಿಗ್ಗೆ ಇದ್ದಕ್ಕಿದ್ದಂತೆ ಹೆರಿಗೆಗೆ ಆಪರೇಷನ್ ಮಾಡಲೇಬೇಕಾದ ಪರಿಸ್ಥಿತಿ ಬಂದಿತ್ತಂತೆ. ಅರವಳಿಕೆ ಡಾಕ್ಟರ್, ಈಕೆಗೆ ಯಾವುದಾದರೂ ಔಷಧಿ ಆಗುವುದಿಲ್ಲವೇ ಎಂದು ಕೇಳಿದ್ದರು. ಮಗಳು ವಿದ್ಯಾ ನೋವಿನಲ್ಲಿ, ಚಿಕ್ಕವಳಿದ್ದಾಗ ಏನೋ ಆಗಿತ್ತು, ಅವ್ವನಿಗೆ ಗೊತ್ತು ಎಂದಷ್ಟೇ ಹೇಳಿದ್ದಳು. ಧಾರವಾಡದಲ್ಲಿ ಅಪೆಂಡಿಕ್ಸ್ ಆಪರೇಷನ್ ಆದಾಗ ಒಂದು ಇಂಜೆಕ್ಷನ್ನಿಗೆ ಆಕೆಯ ಮೈಯೆಲ್ಲ ಊದಿ ಉಸಿರು ಕಟ್ಟಿತ್ತು. ಅದರ ಹೆಸರನ್ನು ಎಂದೂ ಮರೆಯಬೇಡಿ ಎಂದು ಅಲ್ಲಿನ ಡಾಕ್ಟರ್ ಹೇಳಿದ್ದನ್ನು ಸರೋಜಮ್ಮ ಮರೆತಿರಲಿಲ್ಲ. ನಾವು ಬಟನ್ ಓದುತ್ತಿದ್ದಾಗ ಟಕ್ ಟಕ್ ಎನ್ನುತ್ತಿದ್ದದ್ದು ಆ ಪ್ರಶ್ನೆ. ಫೋನ್ ಇಟ್ಟ ಕೂಡಲೇ ಅದು ಮತ್ತೆ ಬಾರಿಸಿತ್ತು. ಆಕೆ ಹೆಸರು ಹೇಳಿದ್ದರು. ಡಾಕ್ಟರ್ ಆ ಔಷಧಿಯನ್ನು ಬದಿಗಿಟ್ಟಿದ್ದರು.

“ನೀವು ಮಾತಾಡದೇ ಇದ್ದಿದ್ರ ಅತ್ತಿ ಫೋನ್ ತಗದ ಬಾಜೂಕ ಇಟ್ಟಬಿಡ್ತಿದ್ರು, ನನ್ನ ಫೋನ್ ಹತ್ತತಿರಲಿಲ್ಲ” ಎಂದರು ಅಳಿಯ. ನಮ್ಮ ಮಷಿನ್ ಅವರನ್ನು ಕಾಡದೇ ಇದ್ದಿದ್ದರೆ ಅಂಥ ಯೋಚನೆಯೇ ಅವರಿಗೆ ಬರುತ್ತಿರಲಿಲ್ಲ ಎಂದು ನಾನು ಹೇಳಿದೆ. ಅವರು ಅದನ್ನು ಒಪ್ಪಲಿಲ್ಲ.

ಆ ಬೇಸಿಗೆಯಲ್ಲಿ ಅವರೆಲ್ಲ ಡೆಲ್ ಮಾರ್ ಸಮುದ್ರತೀರಕ್ಕೆ ಬಂದರು. ಸರೋಜಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕಾಲಿಗೆ ಬೂಟು ಹಾಕಿ, ಮರಳಿನಲ್ಲಿ ಕಷ್ಟಪಟ್ಟು ನಡೆದು ಬರುತ್ತಿದ್ದರು. ನನಗಿಂತ ಎತ್ತರ ಇರಬಹುದೆಂದು ಯಾಕೋ ಅಂದುಕೊಂಡಿದ್ದೆ, ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ನಾನು ಬಿರಿಯಾನಿ ಒಯ್ದಿದ್ದೆ, ಅವರಿಗಾಗಿ ತರಕಾರಿಯದು. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, “ಇಕಿ ನಿಮ್ಮ ಶಬಾನಾ ಚಿಗವ್ವ” ಎಂದು ನನ್ನನ್ನು ಅದರ ಚಿಕ್ಕಮ್ಮನಾಗಿ ಪರಿಚಯ ಮಾಡಿಕೊಟ್ಟರು. ಅದು ನನ್ನ ದುಪಟ್ಟಾದ ತುದಿ ಹಿಡಿದು ಬಾಯಿಗೆ ಹಾಕಿಕೊಂಡಿತು. ಸಂಜೆಯವರೆಗೂ ನಾನು ಯಾರಿಗೂ ಅದನ್ನು ಕೊಡಲಿಲ್ಲ.

ಆಮೇಲೆ ಸರೋಜಮ್ಮ ಧಾರವಾಡಕ್ಕೆ ಹೋದರು. ಹಬ್ಬಕ್ಕೆ, ಈದ್‌ಗೆ ಮಾತಾಡುತ್ತಿದ್ದೆವು. ನಾನು ಆ ಕ್ಲಿನಿಕ್ ಬಿಟ್ಟು ಬೇರೆ ಕಡೆ ಸೇರಿದೆ.

ಹೋದ ವರ್ಷ ಮೈಸೂರಿನಲ್ಲಿ ನನ್ನ ಅಬ್ಬಾ ತೀರಿಕೊಂಡರು. ವಿಮಾನ ಹಿಡಿದರೂ ಮಣ್ಣಿಗೆ ಹೋಗಿ ತಲುಪುವ ಹಾಗಿರಲಿಲ್ಲ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಅಮ್ಮಿಯ ಜೊತೆ ಮಾತಾಡಿ ಫೋನ್ ಇಟ್ಟು, ಸೋಫಾದ ಮೇಲೆ ಸುಮ್ಮನೆ ಕೂತಿದ್ದೆ. ಸುದ್ದಿ ಯಾರಿಗೂ ಹೇಳಿರಲಿಲ್ಲ, ಸರೋಜಮ್ಮನಿಗೆ ಒಂದು ಸಾಲು ಮೆಸೇಜ್ ಕಳಿಸಿದ್ದೆ, ಅಷ್ಟೇ. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ವಿದ್ಯಾ. ಡೈಮಂಡ್ ಬಾರ್‌ನಿಂದ ಆ ಟ್ರಾಫಿಕ್‌ನಲ್ಲಿ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದಳು.

“ಅವ್ವ ಫೋನ್ ಮಾಡಿದ್ಲು” ಎಂದಳು. “ಹೋಗಿ ಆಕಿ ಬಾಜೂಕ ಕೂಡು, ಏನೂ ಮಾತಾಡಬ್ಯಾಡ ಅಂದ್ಲು.”

ಹಾಗೇ ಕೂತಳು. ನಾನು ಅತ್ತೆ. ಬಹಳ ಹೊತ್ತಾದ ಮೇಲೆ ಅವಳು ಎದ್ದು ಅಡುಗೆಮನೆಗೆ ಹೋಗಿ, ಅಕ್ಕಿ ಯಾವ ಡಬ್ಬದಲ್ಲಿದೆ ಎಂದು ನನ್ನನ್ನು ಕೇಳದೆ ತಾನೇ ಹುಡುಕಿ, ಅನ್ನಕ್ಕಿಟ್ಟಳು.

ಅಮೆರಿಕದಲ್ಲಿ ನಿಮ್ಮವರು ಯಾರಾದರೂ ಇದ್ದಾರಾ ಎಂದು ಈಗ ಯಾರಾದರೂ ಕೇಳಿದರೆ, ಡೈಮಂಡ್ ಬಾರ್‌ನಲ್ಲಿ ಅಕ್ಕ ಇದ್ದಾಳೆ ಎನ್ನುತ್ತೇನೆ. ಹೇಗೆ ಅಕ್ಕ ಎಂದು ವಿವರಿಸಲು ಹೋಗುವುದಿಲ್ಲ.