ಹದಿನೇಳು ಕಡ್ಡಿಗಳು

ಭಾನುವಾರ, ಬೆಳಿಗ್ಗೆ ಆರು ಇಪ್ಪತ್ತು.

ಹಳ್ಳದ ನೀರುಕೋಳಿ ಗೂಡುಗಳನ್ನು ಹಾಳು ಮಾಡಿದವನು ನಾನು. ಸಿದ್ದಯ್ಯ ಮಾವ ಅಲ್ಲ. ಕಳೆದ ಆಗಸ್ಟಿನಿಂದ ಇವತ್ತಿನವರೆಗೆ ಈ ಮಾತು ನನ್ನ ಡೈರಿಯಲ್ಲಿ ಇರಲಿಲ್ಲ — ಬೆಳಿಗ್ಗೆ ಎಷ್ಟು ಇಡ್ಲಿ ತಿಂದೆ ಎಂಬುದೂ ಇರುವ ಡೈರಿಯಲ್ಲಿ.

ನಮ್ಮೂರು ಧನಗೆರೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ದೂರದಲ್ಲಿ ಕಾವೇರಿಯಿಂದ ಒಳಕ್ಕೆ ಚಾಚಿದ ಒಂದು ಹಳ್ಳವಿದೆ. ಆಳೆತ್ತರದ ಜೊಂಡು, ಮೊಣಕಾಲುದ್ದದ ಕೆಸರು. ಸಮುದ್ರದ ಹಾಗೆ ಇದಕ್ಕೂ ಉಬ್ಬರ ಇಳಿತವಿದೆ, ಚಂದ್ರನ ಬದಲು ಮೇಲಿನ ಅಣೆಕಟ್ಟಿನ ಗೇಟು, ಅಷ್ಟೇ. ಇದನ್ನು ಕಾಪಾಡಲು ಕೊಳ್ಳೇಗಾಲದ ಕಡೆಯ ಒಂಬತ್ತು ಜನ ಒಂದು ಬಳಗ ಕಟ್ಟಿದೆವು. ಕಾಪಾಡುವುದೆಂದರೆ ಭಾನುವಾರ ಟೋಪಿ ಹಾಕಿಕೊಂಡು ಬರುವುದು, ಹಕ್ಕಿಗಿಂತ ಹೆಚ್ಚಾಗಿ ತಮ್ಮದೇ ಫೋಟೊ ತೆಗೆಯುವುದು, ದಡದಲ್ಲಿ ಪುಳಿಯೋಗರೆ ತಿಂದು ಹೊರಡುವುದು. ನನಗೆ ಅವರೆಲ್ಲ ಕಾಲ ಕಸ. ನಾನು ಎಣಿಸುವವನು ತಾನೇ! ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಬಳಿ ಲಾಟು ಲಾಟಿಗೂ ನಂಬರಿನ ಚೀಟಿ ಬರೆಯುವುದು ನನ್ನ ಕೆಲಸ. ನಂಬರಿಲ್ಲದ್ದು ಇದ್ದರೂ ಇಲ್ಲದಂತೆ ಎಂದು ನಂಬಿದವನು.

ಹಳ್ಳವನ್ನು ನಿಜವಾಗಿ ಕಾಯುತ್ತಿದ್ದವರು ಸಿದ್ದಯ್ಯ ಮಾವ. ತೆಪ್ಪದಲ್ಲಿ ಮೀನು ಹಿಡಿದು ಬದುಕುವವರು. ಮೊದಲ ಮೊಟ್ಟೆ ಕಂಡ ದಿನ ಹಳ್ಳದ ಬಾಯಿಗೆ ಒಂದು ಜಾಲಿಮುಳ್ಳಿನ ಕೊಂಬೆ ಅಡ್ಡ ಹಾಕುತ್ತಿದ್ದರು. ಮರಿ ಈಜುವವರೆಗೆ ಮೀನು ಹಿಡಿಯುವವರು ಯಾರೂ ಅದನ್ನು ದಾಟುತ್ತಿರಲಿಲ್ಲ.

ನಾನು ದಾಟಿದೆ. ಹದಿನೇಳು ಗೂಡು ಸಿಕ್ಕವು. ಒಂದೊಂದರ ಪಕ್ಕಕ್ಕೂ ಒಂದು ಬಿದಿರುಕಡ್ಡಿ ನೆಟ್ಟೆ, ತುದಿಗೆ ನಂಬರು ಬರೆದ ಕೆಂಪು ಬಟ್ಟೆ ಕಟ್ಟಿದೆ. ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಜೊಂಡು ತುಳಿದುಕೊಂಡು ಹೋಗಿ ಮೊಟ್ಟೆ ಎಣಿಸಿ ಬರುತ್ತಿದ್ದೆ. ಮೂರನೆಯ ದಿನ ಮಾವ ದಡದಲ್ಲಿ ಬಲೆ ಬಿಡಿಸುತ್ತ ಕೂತಿದ್ದರು.

“ಏನ್ಲಾ, ನೀರ್ಕೋಳಿಗೂ ರೇಶನ್ ಕಾರ್ಡ್ ಮಾಡುಸ್ತಿದ್ದೀಯಾ?”

ನಕ್ಕೆ. ಅವರು ನಗಲಿಲ್ಲ.

“ಒಂದೇ ದಾರೀಲಿ ದಿನಾ ಓಗ್ಬ್ಯಾಡ ಕಣ್ಲಾ. ನೀ ಮಾಡಿದ್ ದಾರೀಲಿ ನೀನೊಬ್ನೇ ಬರಕಿಲ್ಲ.”

ಈ ಮಾತನ್ನೂ ಬರೆದುಕೊಂಡಿದ್ದೇನೆ. ಪಕ್ಕದಲ್ಲಿ, ಕೆಂಪು ಇಂಕಿನಲ್ಲಿ: ಮೂಢನಂಬಿಕೆ. ಆ ಅಕ್ಷರ ಎಷ್ಟು ದುಂಡಗಿದೆ ಎಂದರೆ — ಈಗ ನೋಡಿದರೆ ಉಗಿಯಬೇಕೆನಿಸುತ್ತದೆ.

ಒಂಬತ್ತನೆಯ ದಿನ ಹದಿನೇಳು ಗೂಡು ಹೋಗಿ ಹನ್ನೊಂದು. ಹನ್ನೊಂದನೆಯ ದಿನ ನಾಲ್ಕು. ಹದಿಮೂರನೆಯ ದಿನ ಸೊನ್ನೆ. ನನ್ನ ದಾರಿಯ ಕೆಸರಲ್ಲಿ ನಾಯಿ ಹೆಜ್ಜೆಗಳಿದ್ದವು. ನನ್ನ ಕಡ್ಡಿಯ ತುದಿಯಲ್ಲಿ ಕಾಗೆ ಕೂತಿತ್ತು — ಹನ್ನೆರಡನೆಯ ನಂಬರಿನ ಮೇಲೆ. ಎಲ್ಲವನ್ನೂ ಬರೆದೆ. ಬರೆದರೆ ಸಾಕು, ಹೇಳಬೇಕಿಲ್ಲ ಎನ್ನುವ ಜಾತಿಯವನು ನಾನು.

ಮುಂದಿನ ಭಾನುವಾರ ಬಳಗದ ಸಭೆ. ಮೊಟ್ಟೆ ಕದ್ದವನು ತೆಪ್ಪದವನೇ ಎಂದು ಪುಳಿಯೋಗರೆ ಮುಗಿಯುವ ಮೊದಲೇ ತೀರ್ಮಾನವಾಗಿತ್ತು. ಮಾವನನ್ನು ಯಾರೂ ಕರೆದಿರಲಿಲ್ಲ. ಬಳಗದ ಹಿರಿಯರಾದ ಮೇಷ್ಟ್ರು ನನ್ನ ಕಡೆ ತಿರುಗಿದರು.

“ನೀನು ಸರಿಯಾಗಿ ಬರ್ದಿರೋನು. ನಿನ್ ಡೈರೀಲಿ ಏನೈತೆ, ಓದಪ್ಪ.”

ಓದಿದೆ: “ಸಿದ್ದಯ್ಯನ ತೆಪ್ಪ ಹಳ್ಳದ ಬಾಯಲ್ಲಿ — ಆರು ದಿನ.” ಅಲ್ಲಿಗೆ ನಿಲ್ಲಿಸಿದೆ. ಅದೇ ಸಾಲಿನ ಮುಂದೆ “ನಾಯಿ ಓಡಿಸುತ್ತ” ಎಂದಿತ್ತು. ಎರಡೇ ಪದ. ಅವುಗಳ ಮೇಲೆ ನನ್ನ ಹೆಬ್ಬೆರಳಿತ್ತು.

ಆ ವಾರವೇ ಹಳ್ಳದ ಬಾಯಿಗೆ ಕಬ್ಬಿಣದ ತಂತಿ ಬಿಗಿದೆವು, ಬೋರ್ಡು ನೆಟ್ಟೆವು: ಮೀನುಗಾರರಿಗೆ ಪ್ರವೇಶವಿಲ್ಲ. ನೋಡುವುದಕ್ಕೆ ಬರುವವರಿಗೆ ಪಕ್ಕದಲ್ಲೊಂದು ಕಿರುದಾರಿ ಬಿಟ್ಟೆವು. ಅದು ನಾನು ತುಳಿದ ದಾರಿಯೇ — ನನ್ನ ಹೆಸರಲ್ಲೇ ಶಿಫಾರಸಾಯಿತು.

ಎರಡು ದಿನ ಬಿಟ್ಟು ಮಾವ ನಮ್ಮ ಮನೆ ಬಾಗಿಲಿಗೆ ಬಂದರು. ಬಾಳೆನಾರಿನಲ್ಲಿ ಕಟ್ಟಿದ ಒಂದು ಹೊರೆಯನ್ನು ಜಗುಲಿಯ ಮೇಲಿಟ್ಟರು. ನನ್ನ ಕಡ್ಡಿಗಳು. ಹದಿನೇಳೂ.

“ನೀ ಬರ್ದಿರಾದ್ರಲ್ಲಿ ಸುಳ್ಳಿಲ್ಲ ಕಣಪ್ಪ,” ಎಂದರು. “ನೀ ಓದಿದ್ಯಲ್ಲ, ಅದ್ರಲ್ಲೈತೆ ಸುಳ್ಳು.”

ಆ ಕಡ್ಡಿಗಳನ್ನು ಮೇಷ್ಟ್ರ ಮುಂದೆ ಸುರಿದಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ನಾನೇ ಹೇಳುತ್ತೇನೆಂದು ಕಾದರೋ ಏನೋ — ನಾನು ಹೊರೆಯನ್ನು ಅಟ್ಟಕ್ಕೆ ಎಸೆದೆ. ಈಗ ಅವರ ತೆಪ್ಪ ಮನೆ ಹಿಂದೆ ಬೋರಲು ಬಿದ್ದಿದೆ, ಅದರ ಮೇಲೆ ಯಾರೋ ಸೌದೆ ಒಣಹಾಕಿದ್ದಾರೆ. ಅವರು ಕೂಲಿಗೆ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಾರೆ. ದಾರಿಯಲ್ಲಿ ಸಿಕ್ಕರೆ “ಊಟ ಆಯ್ತಾ” ಎಂದು ಕೇಳುತ್ತಾರೆ. ಬೈದಿದ್ದರೆ ಅದಕ್ಕೂ ಒಂದು ಕಾಲಂ ಹಾಕುತ್ತಿದ್ದೆನೇನೋ.

ಇವತ್ತು ಹತ್ತು ಗಂಟೆಗೆ ಹಳ್ಳದ ದಡದಲ್ಲೇ ಬಳಗದ ಸಭೆ. ಬಂದು ಕೂರಬೇಕೆಂದು ಮಾವನನ್ನು ನಿನ್ನೆ ಕೇಳಿಕೊಂಡೆ. “ನೋಡಾಣ” ಎಂದರು, ಅಷ್ಟೇ. ಬರಲಿ ಬಿಡಲಿ, ಆ ಹದಿಮೂರು ದಿನಗಳ ಪುಟಗಳನ್ನು ಸಾಲು ಬಿಡದೆ ಓದುತ್ತೇನೆ, ಕಡ್ಡಿಗಳನ್ನು ಮುಂದಿಟ್ಟುಕೊಂಡು. ಬೋರ್ಡು ಕೀಳಿಸುತ್ತೇನೆ. ಆಮೇಲೆ ಆ ಹಳ್ಳಕ್ಕೆ ನಾನು ಕಾಲಿಡುವುದಿಲ್ಲ.

ಈ ವರ್ಷ ಅಲ್ಲಿ ಗೂಡಿಲ್ಲ ಎನ್ನುತ್ತಾರೆ. ನೀಲಿ ಮೈ, ಕೆಂಪು ಹಣೆಯ ಆ ನೀರುಕೋಳಿಗಳು ಕೊಳ್ಳೇಗಾಲ, ಯಳಂದೂರು, ಹನೂರು ಕಡೆ ಎಲ್ಲಾದರೂ ಮರಿ ಮಾಡಿದ್ದನ್ನು ಕಂಡವರು ಇದನ್ನು ಓದುವವರಲ್ಲಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ. ಇವೆ ಎಂದಷ್ಟೇ ಬರೆಯಿರಿ. ಎಷ್ಟಿವೆ, ಎಲ್ಲಿವೆ ಎಂದು ನನಗೆ ತಿಳಿಸಬೇಡಿ.